ಪ್ಲಾಸ್ಟರ್ ಬಿಚ್ಚಿದ ಮೇಲಿನ ನಾಲ್ಕು ವರ್ಷ

ನನ್ನ ಮಗ ಹುಟ್ಟುವಾಗಲೇ ಅವನ ಎಡಪಾದ ಒಳಕ್ಕೆ ತಿರುಗಿತ್ತು. ಅಂಗಾಲು ಬಲಗಾಲಿಗೆ ಮುಖ ಮಾಡಿತ್ತು, ಹಿಮ್ಮಡಿ ಮೇಲಕ್ಕೆ ಸೆಳೆದುಕೊಂಡಿತ್ತು, ಪಾದದ ಒಳಬದಿಯಲ್ಲಿ ಆಳವಾದ ಗೆರೆ ಬಿದ್ದಿತ್ತು. ಕೈಯಲ್ಲಿ ಹಿಡಿದು ನೆಟ್ಟಗೆ ಮಾಡಲು ಹೋದರೆ ಸ್ವಲ್ಪ ದೂರ ಬಂದು ಅಲ್ಲೇ ಗಟ್ಟಿಯಾಗಿ ನಿಂತುಬಿಡುತ್ತಿತ್ತು. ವೈದ್ಯರು ಕ್ಲಬ್‌ಫೂಟ್ ಎಂದರು, ನಮ್ಮ ಕಡೆ ಸೊಟ್ಟಗಾಲು ಎನ್ನುತ್ತಾರೆ. ಹುಟ್ಟುವ ಸಾವಿರ ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದಕ್ಕೆ ಇದು ಇರುತ್ತದೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಸುಮಾರು ಎರಡು ಪಟ್ಟು ಹೆಚ್ಚು, ಅರ್ಧದಷ್ಟು ಮಕ್ಕಳಿಗೆ ಎರಡೂ ಪಾದಗಳು ಹೀಗಿರುತ್ತವೆ.

ಈಗ ಅವನಿಗೆ ನಾಲ್ಕು ತುಂಬಿದೆ. ಅಂಗನವಾಡಿಯ ಅಂಗಳದಲ್ಲಿ ಓಡುವಾಗ ಯಾವ ಕಾಲು ಸೊಟ್ಟಗಿತ್ತೆಂದು ಹೊಸಬರು ಹೇಳಲಾರರು. ಹಾಗಾಗಿ ನೆಂಟರಿಂದಲೋ ಆಶಾ ಕಾರ್ಯಕರ್ತೆಯರಿಂದಲೋ ನನ್ನ ನಂಬರ್ ಪಡೆದು ಇಂಥ ಮಕ್ಕಳ ತಾಯಂದಿರು ಫೋನ್ ಮಾಡುತ್ತಾರೆ. ಎಲ್ಲರೂ ಕೇಳುವುದು ಪಾದವನ್ನು ಸ್ವಲ್ಪಸ್ವಲ್ಪವಾಗಿ ನೆಟ್ಟಗೆ ಮಾಡಲು ವಾರ ವಾರ ಹಾಕುವ ಪ್ಲಾಸ್ಟರ್ ಬಗ್ಗೆ: ನೋಯುತ್ತದೆಯೇ, ಎಷ್ಟು ಸಲ ಹಾಕುತ್ತಾರೆ, ಆಪರೇಷನ್ ಬೇಕಾಗುತ್ತದೆಯೇ. ಪ್ಲಾಸ್ಟರ್ ಕೆಲವು ವಾರಗಳಲ್ಲಿ ಮುಗಿದುಹೋಗುತ್ತದೆ. ಅದಾದ ಮೇಲೆ ಹಾಕುವ ಬೂಟು ನಾಲ್ಕೈದು ವರ್ಷ ಇರುತ್ತದೆ, ನೆಟ್ಟಗಾದ ಪಾದ ನೆಟ್ಟಗೇ ಉಳಿಯುವುದು ಅದರಿಂದ. ಆ ಬೂಟಿನ ಬಗ್ಗೆ ಕೇಳುವವರು ತೀರಾ ಕಡಿಮೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ.

ಹೆರಿಗೆಯಾಗಿ ತಿಪಟೂರಿನ ಹತ್ತಿರದ ತವರುಮನೆಗೆ ಬಂದ ಮೇಲೆ ಮಗು ನೋಡಲು ಬಂದವರೆಲ್ಲ ಮೊದಲು ಕೇಳಿದ್ದು ಗ್ರಹಣದ ವಿಷಯ. ಬಸುರಿಯಾಗಿದ್ದಾಗ ಗ್ರಹಣದ ದಿನ ತರಕಾರಿ ಹೆಚ್ಚಿದ್ದೆಯಾ, ಬಟ್ಟೆ ಮಡಚಿದ್ದೆಯಾ, ಕಾಲು ಮಡಚಿ ಮಲಗಿದ್ದೆಯಾ? ಹಸಿ ಬಾಣಂತಿಯನ್ನು ಕೂರಿಸಿಕೊಂಡು ಇಂಥ ವಿಚಾರಣೆ ಮಾಡುವುದು ಎಷ್ಟು ಕ್ರೂರ ಎಂಬುದು ಕೇಳುವವರಿಗೆ ತಿಳಿಯುವುದಿಲ್ಲ. ನಾನು ರಾತ್ರಿಯೆಲ್ಲ ಹಳೆಯ ಕ್ಯಾಲೆಂಡರ್ ನೆನಪು ಮಾಡಿಕೊಂಡು ಅತ್ತಿದ್ದೇನೆ. ಮುಂದೆ ಬೆಂಗಳೂರಿನ ವೈದ್ಯರು ಮೊದಲ ಭೇಟಿಯಲ್ಲೇ, ನಾನು ಕೇಳುವ ಮೊದಲೇ, "ನೀವು ಮಾಡಿದ್ದರಿಂದಾಗಲಿ ಮಾಡದೆ ಬಿಟ್ಟದ್ದರಿಂದಾಗಲಿ ಇದು ಬಂದದ್ದಲ್ಲ ತಾಯಿ" ಎಂದರು. ಬಹುಪಾಲು ಮಕ್ಕಳಲ್ಲಿ ಇದಕ್ಕೆ ಇಂಥದ್ದೇ ಎಂಬ ಒಂದು ಕಾರಣ ಸಿಗುವುದಿಲ್ಲ. ಕೆಲವು ಮನೆತನಗಳಲ್ಲಿ ವಂಶವಾಹಿಯ ಪಾತ್ರವಿರುತ್ತದೆ. ಗರ್ಭದಲ್ಲಿ ಐದನೇ ತಿಂಗಳ ಹೊತ್ತಿಗೇ ಪಾದ ಹೀಗೆ ತಿರುಗಿರುವುದು ಎಷ್ಟೋ ಸಲ ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ. ಗ್ರಹಣಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ.

ಗ್ರಹಣದ ನಂತರದ ಸಲಹೆ ಎಣ್ಣೆಯದು. ಅಜ್ಜಿ ಹರಳೆಣ್ಣೆ ಬೆಚ್ಚಗೆ ಮಾಡಿ ದಿನವೂ ಪಾದ ನೀವುತ್ತಿದ್ದರು, ಮೂರು ತಿಂಗಳು ನೀವಿದರೆ ತಾನಾಗಿ ತಿರುಗುತ್ತದೆ ಎಂಬ ಧೈರ್ಯ ಅವರಿಗೆ. ತೊಟ್ಟಿಲ ಮಕ್ಕಳ ಮನೆಗೆ ಬರುವ ಪಾಳಿಯಲ್ಲಿ ಆಶಾ ಕಾರ್ಯಕರ್ತೆ ಬಂದು, ಪಾದ ಹಿಡಿದು ನೋಡಿ, "ಅಕ್ಕಾ, ಕೈಯಿಂದ ತಳ್ಳಿದಾಗ ಪೂರ್ತಿ ನೆಟ್ಟಗಾದರೆ ಎಣ್ಣೆ ಸಾಕು. ಇದು ಪೂರ್ತಿ ಬರುತ್ತಿಲ್ಲ, ಕಾಯಬೇಡಿ" ಎಂದಳು. ಆ ಮಾತು ಪೂರ್ತಿ ಸರಿ. ಗರ್ಭದಲ್ಲಿ ಇಕ್ಕಟ್ಟಾಗಿ ಮಲಗಿದ್ದರಿಂದ ಬಾಗಿದ ಮೆತ್ತನೆಯ ಪಾದವೇ ಬೇರೆ, ಇಂಥ ಗಟ್ಟಿ ಪಾದವೇ ಬೇರೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ ಬರುವ ದೋಷಗಳ ಪಟ್ಟಿಯಲ್ಲಿ ಕ್ಲಬ್‌ಫೂಟ್ ಕೂಡ ಇದೆ, ಚಿಕಿತ್ಸೆ ಉಚಿತ ಎಂದು ಹೇಳಿದವಳೂ ಅವಳೇ. ಅವಳು ಬರೆದುಕೊಟ್ಟ ಚೀಟಿ ಹಿಡಿದೇ ನಾವು ಹೊರಟದ್ದು.

ಬಾಣಂತಿ ನಲವತ್ತು ದಿನ ಹೊಸ್ತಿಲು ದಾಟಬಾರದು ಎಂದು ಮನೆಯಲ್ಲಿ ಗದ್ದಲವಾಯಿತು. ಅಮ್ಮ ಯಾರ ಮಾತನ್ನೂ ಕೇಳಲಿಲ್ಲ. ನನ್ನ ಕಿವಿಗೆ ಹತ್ತಿ ತುರುಕಿ, ತಲೆಗೆ ಸ್ಕಾರ್ಫ್ ಬಿಗಿದು, ಹೊಟ್ಟೆಗೆ ಬಟ್ಟೆ ಸುತ್ತಿ, ಮಗುವನ್ನು ತಾನೇ ಎತ್ತಿಕೊಂಡು ಬೆಂಗಳೂರಿನ ರೈಲು ಹತ್ತಿಸಿದರು. ಅಂದಿನಿಂದ ವಾರಕ್ಕೊಮ್ಮೆ ಅದೇ ನಮ್ಮ ದಾರಿಯಾಯಿತು.

ಸರ್ಕಾರಿ ಆಸ್ಪತ್ರೆಯ ಆ ವಿಭಾಗದಲ್ಲಿ ಕ್ಲಬ್‌ಫೂಟ್‌ಗೆಂದೇ ವಾರದ ಒಂದು ದಿನ ಮೀಸಲು. ಕೋಣೆಯ ತುಂಬ ಕಾಲಿಗೆ ಬಿಳಿ ಪ್ಲಾಸ್ಟರ್ ಹಾಕಿಸಿಕೊಂಡ ಕೂಸುಗಳು. ನಮ್ಮ ಮಗು ಒಂಟಿಯಲ್ಲ ಎಂದು ಗೊತ್ತಾದದ್ದೇ ಅರ್ಧ ಚಿಕಿತ್ಸೆ ಆದಂತಾಯಿತು. ವೈದ್ಯರು ಪಾದಕ್ಕಿಂತ ಮೊದಲು ಸೊಂಟದ ಕೀಲುಗಳನ್ನು ಅಗಲಿಸಿ ನೋಡಿದರು, ಬೋರಲು ಮಲಗಿಸಿ ಬೆನ್ನಮೂಳೆಯ ಉದ್ದಕ್ಕೂ ಬೆರಳಾಡಿಸಿದರು. ಕೆಲವು ಮಕ್ಕಳಲ್ಲಿ ಸೊಟ್ಟಪಾದದ ಜೊತೆ ಸೊಂಟದ ಕೀಲಿನ ಅಥವಾ ಬೆನ್ನುಹುರಿಯ ತೊಂದರೆಯೂ ಇರುತ್ತದಂತೆ, ಅದನ್ನು ಮೊದಲು ತಿಳಿಯಬೇಕು. ಇವನಿಗೆ ಪಾದದ್ದು ಮಾತ್ರ. ಬಳಿಕ ಒಂದು ಕಾರ್ಡಿನಲ್ಲಿ ಅಂಕ ಬರೆದರು. ಪಿರಾನಿ ಅಂಕ ಎಂದು ಅದರ ಹೆಸರು. ಆರು ಲಕ್ಷಣಗಳಿಗೆ ಸೊನ್ನೆ, ಅರ್ಧ ಅಥವಾ ಒಂದು ಕೊಟ್ಟು ಕೂಡುತ್ತಾರೆ, ಹೆಚ್ಚೆಂದರೆ ಆರು. ಇವನದು 5.5. ಶಾಲೆಯ ಅಂಕಪಟ್ಟಿಗೆ ವಿರುದ್ಧವಾಗಿ ಇದು ವಾರ ವಾರ ಇಳಿಯಬೇಕು.

ಪ್ಲಾಸ್ಟರ್ ಹಾಕುವ ಕ್ರಮವನ್ನು ನಾನು ಮೈಯೆಲ್ಲ ಕಣ್ಣಾಗಿ ನೋಡಿದ್ದೇನೆ. ಮಗುವನ್ನು ಹಸಿದ ಹೊತ್ತಿಗೆ ಕರೆತರಲು ಹೇಳುತ್ತಾರೆ. ಮೇಜಿನ ಪಕ್ಕ ಕೂತು ಹಾಲು ಕುಡಿಸುತ್ತಿದ್ದರೆ ಅದು ಕಾಲು ಸಡಿಲ ಬಿಡುತ್ತದೆ. ಇಬ್ಬರು ಬೇಕು: ಒಬ್ಬರು ಪಾದ ಹಿಡಿಯುವವರು, ಇನ್ನೊಬ್ಬರು ಸುತ್ತುವವರು. ಮೊದಲು ತೆಳುವಾಗಿ ಹತ್ತಿ, ಮೇಲೆ ನೀರಲ್ಲಿ ಅದ್ದಿದ ಪ್ಲಾಸ್ಟರ್ ಪಟ್ಟಿ. ಮೊಣಕಾಲಿನ ಕೆಳಗೆ ಸುತ್ತಿ ಅಚ್ಚು ಕೂರಿಸಿ, ನಂತರ ಮೊಣಕಾಲನ್ನು ತೊಂಬತ್ತು ಡಿಗ್ರಿ ಮಡಚಿಸಿ ತೊಡೆಯ ಬುಡದವರೆಗೆ. ಮೊಣಕಾಲು ಮಡಚದಿದ್ದರೆ ಮಗು ಒದ್ದು ಒದ್ದು ಪ್ಲಾಸ್ಟರನ್ನು ಜಾರಿಸಿಬಿಡುತ್ತದೆ. ಬೆರಳುಗಳ ಮೇಲ್ಭಾಗ ಮಾತ್ರ ಕಾಣುವಂತೆ ಕತ್ತರಿಸಿ ಬಿಡುತ್ತಾರೆ.

ಆ ವೈದ್ಯರ ಕೈ ಹಿಡಿತ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಹಿಮ್ಮಡಿ ಅಷ್ಟು ಸೊಟ್ಟಗಿದ್ದರೂ ಅವರು ಹಿಮ್ಮಡಿಯನ್ನು ಮುಟ್ಟುತ್ತಲೇ ಇರಲಿಲ್ಲ. ಒಂದು ಕೈಯ ಹೆಬ್ಬೆರಳನ್ನು ಪಾದದ ಹೊರಬದಿಯಲ್ಲಿ, ಹರಡಿನ ಮುಂದೆ ಉಬ್ಬಿದ್ದ ಟೇಲಸ್ ಎಂಬ ಮೂಳೆಯ ತಲೆಯ ಮೇಲೆ ಒತ್ತಿ, ಇನ್ನೊಂದು ಕೈಯಿಂದ ಪಾದದ ಮುಂಭಾಗವನ್ನು ನಿಧಾನವಾಗಿ ಹೊರಕ್ಕೆ ತಿರುಗಿಸುತ್ತಿದ್ದರು. ಬಾಗಿಲು ತಿರುಗಣಿಯ ಸುತ್ತ ತಿರುಗಿದ ಹಾಗೆ ಪಾದ ಆ ಮೂಳೆಯ ಸುತ್ತ ತಿರುಗುತ್ತದೆ. ಒಳಗಿನ ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡಿರುವುದರಿಂದ ಮುಂಭಾಗ ಸರಿಯಾದಂತೆ ಹಿಮ್ಮಡಿಯೂ ತಾನಾಗಿ ನೆಟ್ಟಗಾಗುತ್ತದೆ. ಬಲ ಹಾಕಿದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ. ಮಗು ಚೀರಿದರೆ ಹೆಚ್ಚು ಒತ್ತಿದ್ದೇವೆ ಎಂದರ್ಥ ಎನ್ನುತ್ತಿದ್ದರು.

ಮೊದಲ ಪ್ಲಾಸ್ಟರ್ ಬಗ್ಗೆ ಒಂದು ಮಾತು ಮುಂಚಿತವಾಗಿ ತಿಳಿದಿರಬೇಕು. ಅದನ್ನು ಹಾಕಿದಾಗ ಪಾದ ಇನ್ನಷ್ಟು ಸೊಟ್ಟಗಾದಂತೆ ಕಾಣುತ್ತದೆ! ಮೊದಲು ಸರಿಪಡಿಸುವುದು ಅಂಗಾಲಿನ ಆಳವಾದ ಕಮಾನನ್ನು. ಅದಕ್ಕಾಗಿ ಹೆಬ್ಬೆರಳಿನ ಕಡೆಯ ಭಾಗವನ್ನು ಮೇಲಕ್ಕೆ ಎತ್ತಿಡುತ್ತಾರೆ, ಅಂಗಾಲು ಮತ್ತಷ್ಟು ಒಳಕ್ಕೆ ನೋಡುತ್ತದೆ. ಊರಿಗೆ ಬಂದಾಗ ನೆರೆಮನೆಯವರು "ಅಯ್ಯೋ, ಇದ್ದದ್ದನ್ನೂ ಕೆಡಿಸಿ ಕಳಿಸಿದ್ದಾರೆ" ಎಂದು ಎದೆ ಬಡಿದುಕೊಂಡರು. ಇಲ್ಲಿಗೇ ಚಿಕಿತ್ಸೆ ಬಿಡುವವರೂ ಇದ್ದಾರಂತೆ. ವೈದ್ಯರು ಮುಂಚೆಯೇ ಎಚ್ಚರಿಸಿದ್ದರಿಂದ ನಾವು ಅಲುಗಾಡಲಿಲ್ಲ. ಎರಡನೇ ಪ್ಲಾಸ್ಟರ್ ಬಿಚ್ಚಿದಾಗ ಒಳಬದಿಯ ಆ ಗೆರೆ ಮಾಸಿತ್ತು, ನಾಲ್ಕನೆಯದರ ಹೊತ್ತಿಗೆ ಪಾದ ನೆಟ್ಟಗೆ ಮುಂದಕ್ಕೆ ನೋಡುತ್ತಿತ್ತು. ಸಾಮಾನ್ಯವಾಗಿ ಐದಾರು ಪ್ಲಾಸ್ಟರ್‌ಗಳಲ್ಲಿ ಮುಗಿಯುವ ಕೆಲಸ ಇದು.

ಮನೆಯಲ್ಲಿ ಎರಡು ವಿಷಯಗಳು ಕಷ್ಟವಾದವು. ಒಂದು, ನೀರು. ಪ್ಲಾಸ್ಟರ್ ನೆನೆಯಬಾರದು, ಆದ್ದರಿಂದ ಕೂಸಿಗೆ ಎಣ್ಣೆ ನೀರು ಎರೆಯುವಂತಿಲ್ಲ. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯುವುದೇ ಅಜ್ಜಿಯ ಬಾಣಂತನದ ಹೆಮ್ಮೆ. ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದನ್ನು ನೋಡಿ ಅವರು ದಿನವೂ ಮುಖ ತಿರುಗಿಸುತ್ತಿದ್ದರು. ಪ್ಲಾಸ್ಟರ್ ಬಿಚ್ಚುವುದು ಹೊಸದನ್ನು ಹಾಕುವ ದಿನವೇ, ಆಸ್ಪತ್ರೆಯಲ್ಲೇ, ಬೆಚ್ಚಗಿನ ನೀರಿನಲ್ಲಿ ನೆನೆಸಿ. ಹಿಂದಿನ ರಾತ್ರಿಯೇ ಬಿಚ್ಚಿಕೊಂಡು ಹೋದರೆ ಪಾದ ಮತ್ತೆ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. ಬಿಚ್ಚಿದ ಮೇಲೆ ಸಿಗುವ ಹತ್ತಿಪ್ಪತ್ತು ನಿಮಿಷದಲ್ಲಿ ಅಮ್ಮ ಅಲ್ಲಿನ ನಲ್ಲಿಯ ಬಳಿಯೇ ಕೂಸಿಗೆ ನೀರೆರೆದು, ಪದರ ಪದರವಾಗಿ ಏಳುತ್ತಿದ್ದ ಸತ್ತ ಚರ್ಮವನ್ನು ಬಟ್ಟೆಯಿಂದ ಒರೆಸುತ್ತಿದ್ದರು.

ಇನ್ನೊಂದು, ಬೆರಳುಗಳ ಕಾವಲು. ಉಗುರಿನ ಹತ್ತಿರ ಮೆಲ್ಲಗೆ ಒತ್ತಿ ಬಿಟ್ಟರೆ ಬಿಳಿಯಾದ ಜಾಗ ಕೂಡಲೇ ಕೆಂಪಾಗಬೇಕು. ಬೆರಳು ನೀಲಿಯಾದರೆ, ತಣ್ಣಗಾದರೆ, ಊದಿಕೊಂಡರೆ ತಡಮಾಡುವಂತಿಲ್ಲ. ಬೆರಳುಗಳು ಪ್ಲಾಸ್ಟರ್ ಒಳಗೆ ಸರಿದು ಕಾಣದಾದರೂ ಅಷ್ಟೇ, ಅದು ಜಾರಿದೆ ಎಂದರ್ಥ. ನಮಗೂ ಒಮ್ಮೆ ಹಾಗಾಯಿತು. ಸಂಜೆ ಐದು ಬೆರಳು ಕಂಡಿದ್ದವು, ಬೆಳಿಗ್ಗೆ ತುದಿಗಳು ಮಾತ್ರ. ಫೋನ್ ಮಾಡಿದಾಗ ವಾರದ ದಿನಕ್ಕೆ ಕಾಯದೆ ಕೂಡಲೇ ಬರಲು ಹೇಳಿದರು. ಜಾರಿದ ಪ್ಲಾಸ್ಟರ್ ಹುಣ್ಣು ಮಾಡುತ್ತದೆ, ಪಾದವನ್ನು ತಪ್ಪು ಜಾಗದಲ್ಲಿ ಹಿಡಿದಿಡುತ್ತದೆ.

ಪಾದ ಹೊರಕ್ಕೆ ಚೆನ್ನಾಗಿ ತಿರುಗಿದ ಮೇಲೂ ಹಿಮ್ಮಡಿ ಕೆಳಗಿಳಿಯದೆ ಉಳಿದಿತ್ತು. ಹಿಂದುಗಡೆ ಮೀನಖಂಡವನ್ನು ಹಿಮ್ಮಡಿಗೆ ಸೇರಿಸುವ ಅಕಿಲಿಸ್ ಸ್ನಾಯುರಜ್ಜು ಬಿಗಿಯಾಗಿರುವುದೇ ಅದಕ್ಕೆ ಕಾರಣ. ಹತ್ತರಲ್ಲಿ ಎಂಟು ಮಕ್ಕಳಿಗಾದರೂ ಅದನ್ನು ಕತ್ತರಿಸಬೇಕಾಗುತ್ತದೆ. ಕತ್ತರಿಸುವುದು ಎಂಬ ಮಾತು ಕೇಳಿ ನನ್ನ ಗಂಡ ಬೆವರಿದರು. ವೈದ್ಯರು ಕೂರಿಸಿ ವಿವರಿಸಿದರು: ಆ ಜಾಗವನ್ನಷ್ಟೇ ಮರಗಟ್ಟಿಸುತ್ತಾರೆ, ಸಣ್ಣ ಮೊನೆಯ ಚಾಕು ತೂರಿಸಿ ರಜ್ಜುವನ್ನು ಕತ್ತರಿಸುತ್ತಾರೆ, ಹೊಲಿಗೆ ಇಲ್ಲ, ಕೆಲವು ನಿಮಿಷಗಳ ಕೆಲಸ. ಆಮೇಲೆ ಮೂರು ವಾರ ಪ್ಲಾಸ್ಟರ್. ಅಷ್ಟರಲ್ಲಿ ಕೂಸುಗಳಲ್ಲಿ ಅದು ಬೇಕಾದಷ್ಟು ಉದ್ದವಾಗಿ ಮತ್ತೆ ಬೆಳೆದುಕೊಳ್ಳುತ್ತದೆ. ಹೇಳಿದಂತೆಯೇ ಆಯಿತು. ಹೊರಗೆ ತಂದಾಗ ಮಗ ಅಳುತ್ತಿದ್ದ, ಎದೆಗೆ ಹಾಕಿಕೊಂಡ ಕೂಡಲೇ ಸುಮ್ಮನಾದ. ಹಿಮ್ಮಡಿಯ ಹತ್ತಿರ ಪ್ಲಾಸ್ಟರ್ ಮೇಲೆ ರೂಪಾಯಿ ನಾಣ್ಯದಷ್ಟು ರಕ್ತದ ಕಲೆ ಮೂಡಿತು. ಅದು ಹರಡುತ್ತಾ ಹೋದರೆ ಮಾತ್ರ ತಿಳಿಸಿ ಎಂದು ಅದರ ಸುತ್ತ ಪೆನ್ನಿನಲ್ಲಿ ಗೆರೆ ಎಳೆದುಕೊಟ್ಟರು. ಗೆರೆ ದಾಟಲಿಲ್ಲ.

ಈ ಕ್ರಮವನ್ನು ರೂಪಿಸಿದವರು ಇಗ್ನೇಸಿಯೊ ಪೊನ್ಸೆಟಿ. 1914ರಲ್ಲಿ ಸ್ಪೇನಿನ ಮೆನೋರ್ಕಾ ದ್ವೀಪದಲ್ಲಿ ಹುಟ್ಟಿ, ಅಲ್ಲಿನ ಅಂತರ್ಯುದ್ಧದಲ್ಲಿ ಗಾಯಾಳುಗಳ ಮೂಳೆ ಕೂಡಿಸಿ, ದೇಶ ಬಿಟ್ಟು ಮೆಕ್ಸಿಕೊ ದಾಟಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯ ಸೇರಿದವರು. ಎಳೆಯ ಪಾದಗಳನ್ನು ದೊಡ್ಡ ಆಪರೇಷನ್ ಮಾಡಿ ಸರಿಪಡಿಸಿದ ಮಕ್ಕಳು ದೊಡ್ಡವರಾದಾಗ ಪಾದ ಸೆಡೆತು ನೋಯುವುದನ್ನು ಕಂಡು, 1940ರ ದಶಕದ ಕೊನೆಗೆ ಈ ದಾರಿ ಹುಡುಕಿದರು. ದಶಕಗಳ ಕಾಲ ಹೆಚ್ಚಿನ ವೈದ್ಯರು ಕಿವಿಗೊಡಲಿಲ್ಲ. ಕೊನೆಗೆ ಅದನ್ನು ಹರಡಿದವರಲ್ಲಿ ಇಂಟರ್ನೆಟ್‌ನಲ್ಲಿ ಒಬ್ಬರಿಗೊಬ್ಬರು ತಿಳಿಸಿದ ತಂದೆತಾಯಿಗಳ ಪಾಲು ದೊಡ್ಡದು. ಪೊನ್ಸೆಟಿ ತೀರಿಕೊಂಡದ್ದು 2009ರಲ್ಲಿ. ಅವರ ಹುಟ್ಟುಹಬ್ಬವಾದ ಜೂನ್ 3 ಈಗ ವಿಶ್ವ ಕ್ಲಬ್‌ಫೂಟ್ ದಿನ. ಆ ಪುಣ್ಯಾತ್ಮನ ಫೋಟೊ ಕ್ಲಿನಿಕ್ಕಿನ ಗೋಡೆಯ ಮೇಲಿತ್ತು, ಅಮ್ಮ ಹೋಗುವಾಗ ಬರುವಾಗ ಅದಕ್ಕೆ ಕೈಮುಗಿಯುತ್ತಿದ್ದರು.

ಕೊನೆಯ ಪ್ಲಾಸ್ಟರ್ ಬಿಚ್ಚಿದ ದಿನವೇ ಬೂಟು ಹಾಕಿದರು. ಎರಡು ಪುಟ್ಟ ಬೂಟು, ನಡುವೆ ಭುಜದಷ್ಟು ಅಗಲದ ಒಂದು ಕಬ್ಬಿಣದ ಪಟ್ಟಿ. ಸೊಟ್ಟಗಿದ್ದ ಎಡಪಾದದ ಬೂಟು ಎಪ್ಪತ್ತು ಡಿಗ್ರಿ ಹೊರಕ್ಕೆ ತಿರುಗಿರುತ್ತದೆ, ಬಲಪಾದದ್ದು ನಲವತ್ತು. ಮೊದಲ ಮೂರು ತಿಂಗಳು ದಿನದ ಇಪ್ಪತ್ತಮೂರು ಗಂಟೆ ಹಾಕಬೇಕು, ಉಳಿದ ಒಂದು ಗಂಟೆ ಸ್ನಾನಕ್ಕೆ. ಅಜ್ಜಿಗೆ ಕೊನೆಗೂ ಎಣ್ಣೆ ನೀರು ಎರೆಯುವ ಭಾಗ್ಯ ಬಂತು. ಆಮೇಲೆ ರಾತ್ರಿ ಮತ್ತು ಹಗಲಿನ ನಿದ್ದೆಗೆ ಮಾತ್ರ, ಆದರೆ ನಾಲ್ಕೈದು ವರ್ಷ ತುಂಬುವವರೆಗೆ.

"ಸರಿಯಾಗಿರುವ ಕಾಲನ್ನೂ ಯಾಕೆ ಕಟ್ಟಿದ್ದೀರಿ?" ಎಂದು ಕೇಳದವರೇ ಇಲ್ಲ. ನನ್ನ ಅತ್ತೆಗೂ ಅದೇ ಸಂಕಟ. ಒಂದೇ ಕಾಲಿಗೆ ಬೂಟು ಹಾಕಿದರೆ ಪಾದವನ್ನು ಹೊರಕ್ಕೆ ಹಿಡಿದಿಡಲು ಆಧಾರವಿರುವುದಿಲ್ಲ. ಪಟ್ಟಿಯ ಆ ತುದಿಯಲ್ಲಿ ಬಲಗಾಲು ಇದ್ದರೆ ಮಾತ್ರ ಈ ತುದಿಯಲ್ಲಿ ಎಡಪಾದ ತಿರುಗಿ ನಿಲ್ಲುತ್ತದೆ. ಮೊಣಕಾಲು ಮಡಚಿ ಚಾಚಿದಾಗಲೆಲ್ಲ ಹಿಮ್ಮಡಿಯ ರಜ್ಜುವೂ ಎಳೆದುಕೊಳ್ಳುತ್ತದೆ. ಕ್ಲಿನಿಕ್ಕಿನ ಕೌನ್ಸೆಲರ್ ಇದನ್ನು ಅತ್ತೆಗೇ ನೇರವಾಗಿ, ಬೂಟನ್ನು ಅವರ ಕೈಗೇ ಕೊಟ್ಟು ತಿಳಿಸಿದ್ದರಿಂದ ದೊಡ್ಡ ಉಪಕಾರವಾಯಿತು. ಆ ರಾತ್ರಿಯಿಂದ ಬೂಟು ಅತ್ತೆಯ ಕೆಲಸವಾಯಿತು.

ಮೊದಲ ಕೆಲವು ರಾತ್ರಿಗಳು ಬಹಳ ಕಷ್ಟ. ಒಂದು ಕಾಲು ಒದೆಯಲು ಹೋದರೆ ಇನ್ನೊಂದೂ ಬರುತ್ತದೆ, ಅದಕ್ಕೆ ಅಳು. ಎರಡೂ ಕಾಲನ್ನು ಒಟ್ಟಿಗೆ ಒದೆಯಲು ಕಲಿತ ಮೇಲೆ ಅಳು ನಿಂತಿತು. ಕಲಿಸುವುದು ಹೀಗೆ: ಪಟ್ಟಿಯ ನಡುವೆ ಹಿಡಿದು ಎರಡೂ ಮೊಣಕಾಲನ್ನು ಒಟ್ಟಿಗೆ ಮಡಚಿ, ಒಟ್ಟಿಗೆ ಚಾಚಿ, ಹಾಡುತ್ತಾ ಆಡಿಸಬೇಕು. ನಮ್ಮ ಮನೆಯ ಸೀರೆಯ ಜೋಲಿ ಮೂಲೆ ಸೇರಿತು. ಜೋಲಿ ಕಿರಿದಾಗಿ ಮಡಚಿಕೊಳ್ಳುವುದರಿಂದ ಅಗಲದ ಪಟ್ಟಿ ಅದರಲ್ಲಿ ಅಡ್ಡ ಸಿಕ್ಕಿಕೊಂಡು ಕಾಲು ತಿರುಚುತ್ತದೆ. ಚಾಪೆಯ ಮೇಲೆ ಹಾಸಿಗೆ ಹಾಕಿ ಮಲಗಿಸಿದೆವು. ಪಟ್ಟಿಗೆ ಹಳೆಯ ಪಂಚೆಯ ತುಂಡು ಸುತ್ತಿದೆವು, ಇಲ್ಲದಿದ್ದರೆ ನಿದ್ದೆಯಲ್ಲಿ ಅವನು ಒದ್ದ ಏಟಿಗೆ ಪಕ್ಕದಲ್ಲಿದ್ದವರ ಮೊಣಕಾಲು ಚಿಪ್ಪು ಉಳಿಯುವುದಿಲ್ಲ.

ಬೂಟು ಹಾಕುವುದಕ್ಕೂ ಕೈಚಳಕ ಬೇಕು. ಹತ್ತಿಯ ಕಾಲುಚೀಲ ಸುಕ್ಕಿಲ್ಲದೆ ಎಳೆದು, ಮೊಣಕಾಲು ಮಡಚಿ ಪಾದವನ್ನು ಒಳಗಿಳಿಸಿ, ಮೊದಲು ನಡುವಿನ ಬೆಲ್ಟ್ ಬಿಗಿಯಬೇಕು. ಬೂಟಿನ ಹಿಂದೆ ಸಣ್ಣ ತೂತಿರುತ್ತದೆ, ಅದರಲ್ಲಿ ಹಿಮ್ಮಡಿ ಕಾಣದಿದ್ದರೆ ಪಾದ ಕೆಳಗೆ ಕೂತಿಲ್ಲ ಎಂದರ್ಥ, ಮತ್ತೆ ಬಿಚ್ಚಬೇಕು. ಸಡಿಲವಾಗಿ ಬಿಟ್ಟರೆ ಕಾಲಿಗೆ ಆರಾಮ ಎಂದುಕೊಳ್ಳುವುದು ಸಹಜ, ಆದರೆ ಗುಳ್ಳೆಗಳು ಏಳುವುದು ಪಾದ ಒಳಗೆ ಜಾರಾಡುವುದರಿಂದಲೇ. ಅತ್ತೆ ಕಣ್ಣಿಗೆ ಕನ್ನಡಕ ಏರಿಸಿ, ಮೊಬೈಲ್ ಟಾರ್ಚ್ ಹಾಕಿ, ಆ ತೂತಿನಲ್ಲಿ ಹಿಮ್ಮಡಿ ಕಂಡ ಮೇಲೆಯೇ ದೀಪ ಆರಿಸುತ್ತಿದ್ದರು.

ಮಗ ಒಂದು ವರ್ಷ ದಾಟಿ ನಡೆಯಲು ಶುರುಮಾಡಿದಾಗ ನಿಜವಾದ ಪರೀಕ್ಷೆ ಎದುರಾಯಿತು. ಪಾದ ನೋಡಲು ಸಂಪೂರ್ಣ ಸರಿಯಾಗಿದೆ, ಮಗು ನಡೆಯುತ್ತಿದೆ, ಇನ್ನೂ ಯಾಕೆ ಈ ಶಿಕ್ಷೆ ಎಂದು ಮನೆಗೆ ಬಂದವರೆಲ್ಲ ಹೇಳುವುದು ಆಗಲೇ. ಜಾತ್ರೆ, ಮದುವೆ, ಜ್ವರ, ನೆಂಟರ ಮನೆಯ ವಾಸ, ಪ್ರತಿಯೊಂದೂ ಒಂದು ರಾತ್ರಿ ಬಿಡಲು ನೆಪ. ಒಂದು ರಾತ್ರಿ ಬಿಟ್ಟರೆ ಮರುದಿನ ಮಗು ಇನ್ನಷ್ಟು ಹಟ ಮಾಡುತ್ತದೆ. ಮಗು ಹಟ ಮಾಡಿದರೆ ದೊಡ್ಡವರ ಮನಸ್ಸು ಕರಗುತ್ತದೆ. ಹೀಗೆ ವಾರಗಳು ಕಳೆದು ಬೂಟು ಅಟ್ಟ ಸೇರುತ್ತದೆ.

ಕ್ಲಿನಿಕ್ಕಿನಲ್ಲಿ ಒಮ್ಮೆ ನಮ್ಮ ಪಕ್ಕ ಮೂರು ವರ್ಷದ ಹುಡುಗನೊಬ್ಬ ಕೂತಿದ್ದ. ನಡೆಯುವಾಗ ಪಾದದ ಹೊರ ಅಂಚಿನ ಮೇಲೆ ಭಾರ ಹಾಕುತ್ತಿದ್ದ, ಹಿಮ್ಮಡಿ ನೆಲಕ್ಕೆ ತಾಕುತ್ತಿರಲಿಲ್ಲ. ಕೂಸಿದ್ದಾಗ ಪೂರ್ತಿ ಸರಿಯಾಗಿದ್ದ ಪಾದವದು. ತಂದೆ ದೂರದ ಊರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು, ತಾಯಿ ಎರಡನೇ ಬಾಣಂತನದಲ್ಲಿದ್ದರು, ಬೂಟು ಚಿಕ್ಕದಾದಾಗ ಹೊಸದು ತರಲು ಬೆಂಗಳೂರಿಗೆ ಬರುವವರು ಯಾರೂ ಇರಲಿಲ್ಲ. ಅವರನ್ನು ಸೋಮಾರಿಗಳೆಂದು ಹೇಳುವ ಬಾಯಿ ನನಗಿಲ್ಲ. ನನ್ನ ಮನೆಯಲ್ಲಿ ಅಮ್ಮ, ಅಜ್ಜಿ, ಅತ್ತೆ ಮೂವರೂ ಇದ್ದರು. ಆ ಹುಡುಗನಿಗೆ ಮತ್ತೆ ಪ್ಲಾಸ್ಟರ್ ಶುರುವಾಯಿತು. ಅದರಿಂದ ಸಾಲದಿದ್ದರೆ, ಪಾದವನ್ನು ಒಳಕ್ಕೆಳೆಯುವ ಸ್ನಾಯುರಜ್ಜುವನ್ನು ಬಿಡಿಸಿ ಪಾದದ ನಡುವಿಗೆ ಸರಿಸಿ ಕೂರಿಸುವ ಆಪರೇಷನ್ ಇದೆ ಎಂದು ವೈದ್ಯರು ಹೇಳಿದರು. ಎಳೆಯ ಪಾದ ಬೆಳೆಯುವ ವೇಗದಲ್ಲಿ ಮೊದಲ ನಾಲ್ಕೈದು ವರ್ಷ ಅದು ಹಳೆಯ ಆಕಾರಕ್ಕೆ ಎಳೆಯುತ್ತಲೇ ಇರುತ್ತದೆ. ಮರುಕಳಿಸುವ ಪಾದಗಳಲ್ಲಿ ಹೆಚ್ಚಿನವು ಬೂಟು ನಿಂತುಹೋದ ಪಾದಗಳೇ. ಚಿಕಿತ್ಸೆಯನ್ನು ಜಿಲ್ಲಾ ಮಟ್ಟಕ್ಕೆ ತಂದರೆ ಸಾಲದು, ಪ್ರತಿ ಸಲ ದೊಡ್ಡ ಅಳತೆಯ ಬೂಟು ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗುವಂತಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬೆರಳುಗಳು ಬೂಟಿನ ತುದಿಯಿಂದ ಹೊರಬಂದು ಮಡಚಿಕೊಂಡರೆ ಅಳತೆ ಬದಲಿಸುವ ಕಾಲ ಬಂತೆಂದು ತಿಳಿಯಿರಿ, ಅದಕ್ಕಾಗಿ ತಾರೀಖು ನೋಡುತ್ತಾ ಕೂರಬೇಡಿ.

ಕೆಲವು ವಿಷಯಗಳು ಹಾಗೆಯೇ ಉಳಿಯುತ್ತವೆ. ಮಗನ ಎಡಗಾಲಿನ ಮೀನಖಂಡ ಬಲಗಾಲಿನದಕ್ಕಿಂತ ತೆಳ್ಳಗಿದೆ, ಪಾದವೂ ಸ್ವಲ್ಪ ಚಿಕ್ಕದು. ಅದು ಚಿಕಿತ್ಸೆಯ ಕೊರತೆಯಿಂದ ಆದದ್ದಲ್ಲ, ವ್ಯಾಯಾಮ ಮಾಡಿಸಿದರೂ ಪೂರ್ತಿ ಸಮನಾಗುವುದಿಲ್ಲ ಎಂದು ವೈದ್ಯರು ಮೊದಲೇ ಹೇಳಿದ್ದರು. ಓಟಕ್ಕೆ, ಆಟಕ್ಕೆ, ಮರ ಹತ್ತುವುದಕ್ಕೆ ಅದರಿಂದ ಅಡ್ಡಿಯಾಗಿಲ್ಲ.

ಕಳೆದ ಭೇಟಿಯಲ್ಲಿ ವೈದ್ಯರು ಅವನನ್ನು ಕುಕ್ಕರಗಾಲಿನಲ್ಲಿ ಕೂರಲು ಹೇಳಿ, ನೆಲಕ್ಕೆ ಬಗ್ಗಿ ಎಡಹಿಮ್ಮಡಿಯ ಕೆಳಗೆ ಕಾಗದದ ಹಾಳೆ ತೂರಿಸಲು ನೋಡಿದರು. ತೂರಲಿಲ್ಲ, ಹಿಮ್ಮಡಿ ಪೂರ್ತಿ ಊರಿತ್ತು. ಮನೆಯಲ್ಲೂ ತಿಂಗಳಿಗೊಮ್ಮೆ ಹೀಗೆ ನೋಡಿ ಎಂದರು. ಹಿಮ್ಮಡಿ ಮೇಲೇಳತೊಡಗಿದರೆ, ಚಪ್ಪಲಿಯ ಹೊರ ಅಂಚು ಮಾತ್ರ ಸವೆಯುತ್ತಿದ್ದರೆ, ಬೂಟಿನೊಳಗೆ ಪಾದ ಕೂರಲು ಮೊದಲಿಗಿಂತ ಕಷ್ಟವಾದರೆ ಕೂಡಲೇ ಕರೆತರಬೇಕು. ಐದು ತುಂಬುವವರೆಗೆ ರಾತ್ರಿಯ ಬೂಟು ಮುಂದುವರಿಯಲಿ ಎಂದು ಕಾರ್ಡಿನಲ್ಲಿ ಬರೆದಿದ್ದಾರೆ. ಈಗ ಬೂಟು ಹಾಕಿಕೊಳ್ಳುವುದು ಅವನೇ. ತೂತಿನಲ್ಲಿ ಹಿಮ್ಮಡಿ ನೋಡುವ ಕೆಲಸವನ್ನು ಮಾತ್ರ ಅತ್ತೆ ಯಾರಿಗೂ ಬಿಟ್ಟುಕೊಟ್ಟಿಲ್ಲ.